ಕುರುಡು ನಾಯಿಗೆ ಮನೆ ಕಲಿಸಿದ್ದು

ಜೇವರ್ಗಿಯಲ್ಲಿ ಮಗಳ ಮನೆಗೆ ಹೋಗಿದ್ದೆ. ಅವಳ ಮನೆಯ ಹಿಂದೆ ಒಬ್ಬರಿದ್ದಾರೆ, ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ಈಗ ನಿವೃತ್ತಿಯಾದವರು. ರಸ್ತೆಯಲ್ಲಿ ಪೆಟ್ಟು ತಿಂದ ನಾಯಿ, ಕಾಲು ಮುರಿದ ಆಡು, ರೆಕ್ಕೆ ಹೋದ ಕಾಗೆ, ಏನು ಸಿಕ್ಕರೂ ತಂದು ಅಂಗಳದಲ್ಲಿ ಸಾಕುತ್ತಾರೆ. ನಮ್ಮ ಎಮ್ಮೆಯ ಕೆಚ್ಚಲು ಬಾತಿತ್ತು. ಅದಕ್ಕೆ ಏನು ಹಚ್ಚಬೇಕೆಂದು ಕೇಳಲು ಅವರ ಅಂಗಳಕ್ಕೆ ಹೋದೆ. ಸೆರಗಿನ ತುದಿಗೆ ಅರ್ಧ ರೊಟ್ಟಿ ಕಟ್ಟಿಕೊಂಡಿದ್ದೆ.

ಅಂಗಳದ ಆ ತುದಿಯಿಂದ ಒಂದು ಕಂದು ಬಣ್ಣದ ಹೆಣ್ಣು ನಾಯಿ ಎದ್ದು ಬಂತು. ನಡುವೆ ಮೂರು ನಾಯಿ ಮಲಗಿದ್ದವು. ಒಂದರ ಬಾಲವನ್ನೂ ತುಳಿಯದೆ, ನೆಟ್ಟಗೆ ಬಂದು ನನ್ನ ಸೆರಗಿನ ಗಂಟಿಗೆ ಮೂಗು ಇಟ್ಟಿತು. ಆಗ ಅದರ ಕಣ್ಣು ನೋಡಿದೆ. ಎರಡೂ ಸುಣ್ಣದ ಹಾಗೆ ಬಿಳಿ.

ರೊಟ್ಟಿ ಬಿಚ್ಚಿ ಬಲಗೈಗೆ ತಗೊಂಡೆ, ಬಲಕ್ಕೆ ಬಂತು. ಎಡಗೈಗೆ ತಗೊಂಡೆ, ಎಡಕ್ಕೆ ಬಂತು. ಬೆನ್ನ ಹಿಂದೆ ಹಿಡಿದೆ, ನನ್ನ ಸೀರೆ ಸವರಿಕೊಂಡು ಸುತ್ತು ಹಾಕಿ ಹಿಂದೆ ಬಂತು. ತಲೆಯ ಮೇಲೆ ಎತ್ತಿ ಹಿಡಿದೆ. ಜಿಗಿಯಲಿಲ್ಲ, ಕೂಗಲಿಲ್ಲ. ಕುಳಿತು ಮುಖ ಮೇಲೆ ಮಾಡಿ ಕಾಯಿತು. ನನ್ನ ಮೈ ಝುಮ್ಮೆಂದಿತು. ಸಂತೆಯಲ್ಲಿ ಒಳ್ಳೆ ಎತ್ತು ಕಂಡಾಗ ನನ್ನ ಗಂಡನಿಗೆ ನಿಂತಲ್ಲೇ ಕಾಲು ಕುಣಿಯುತ್ತಿದ್ದವು. ಅದು ಏನೆಂದು ನನಗೆ ಅವತ್ತು ತಿಳಿಯಿತು. ಕರುಣೆ ಬಂದು ನಾಯಿ ತಂದಳು ಎಂದು ನಮ್ಮ ಊರಿನಲ್ಲಿ ಹೇಳುತ್ತಾರೆ. ಅದು ಸುಳ್ಳು. ಅದರ ಬುದ್ಧಿಗೆ ಮರುಳಾಗಿ ತಂದೆ.

"ಹೆದ್ದಾರಿ ದಂಡಿಗೆ ಸಿಕ್ಕಿತ್ರಿ, ಮರಿ ಇದ್ದಾಗ," ಎಂದರು ಕಂಪೌಂಡರ್. "ಮೂರು ಮಂದಿ ಒಯ್ದಿದ್ರು. ಮೂರು ಮಂದೀನೂ ಹೊಳ್ಳಿ ತಂದು ಬಿಟ್ರು."

"ಯಾಕ?"

"ಎಲ್ಲಿ ಬೇಕಲ್ಲಿ ಹಾಯ್ತದಂತ್ರಿ. ಕೊಡ ಕೆಡವ್ತದಂತ."

"ಕಣ್ಣಿದ್ದವ್ರೂ ಕೆಡವ್ತಾರ. ನಾ ಒಯ್ತೇನಿ."

ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ನಿಮಗ ವಯಸ್ಸ ಎಷ್ಟ್ರಿ ಅವ್ವಾರ?"

"ನಾಯಿಗಿಂತ ಜಾಸ್ತಿ."

ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ಮನ್ಯಾಗ ಅದನ್ನ ಎತ್ತಿಕೊಂಡು ತಿರಗಬ್ಯಾಡ್ರಿ. ಎತ್ತಿದ್ರ ಎಲ್ಲಿ ಇಳದೆ ಅನ್ನೂದು ಅದಕ್ಕ ತಿಳಿಯಂಗಿಲ್ಲ. ನಡಿಸಿಕೋತ ಒಯ್ರಿ. ನೀರಿನ ಬೋಗಾಣಿ, ಹಾಸಿಗಿ, ಇಟ್ಟಲ್ಲೇ ಇರ್ಲಿ. ಮಾತಾಡ್ಸದ ಮುಟ್ಟಬ್ಯಾಡ್ರಿ. ಹೊಂದಲಿಲ್ಲಂದ್ರ ಫೋನ್ ಮಾಡ್ರಿ, ಬಂದು ಒಯ್ತೇನಿ. ಆದ್ರ ಒಂದ್ ಮಾತು. ಈ ಸಲ ಹೊಳ್ಳಿ ಬಂದ್ರ ಮತ್ತ ಯಾರ ಕೈಗೂ ಕೊಡಂಗಿಲ್ರಿ ನಾ. ಹ್ವಾದ ಸಲ ಬಂದಾಗ ಎಂಟು ದಿನ ಕೂಳು ಬಿಟ್ಟಿತ್ತು. ಇನ್ನೊಮ್ಮಿ ತಡಿಯಂಗಿಲ್ಲ ಅದು."

ಹಾಗೆ ಬಿದಿರಿನ ಬುಟ್ಟಿಯಲ್ಲಿ ನಾಯಿ ಕೂಡಿಸಿ, ಮೇಲೊಂದು ಹಳೆಯ ಧೋತರ ಮುಚ್ಚಿ ಬಸ್ಸು ಹತ್ತಿದೆ. ಕಂಡಕ್ಟರ್ ಬಂದ.

"ಬುಟ್ಯಾಗ ಏನದಬೇ ಯವ್ವಾ?"

"ಸೌತಿಕಾಯಿ."

ಅದೇ ಹೊತ್ತಿಗೆ ಬುಟ್ಟಿ ಸೀನಿತು.

"ಸೌತಿಕಾಯಿಗೆ ನೆಗಡಿ ಆಗ್ಯದಲ್ಲ," ಎಂದ ಅವನು, ಧೋತರ ಎತ್ತಿ ನೋಡಿ. "ಇದಕ್ಕೂ ಟಿಕೆಟ್ ತಗೀಬೇಕು ನೋಡು."

"ತಗೀತೇನಿ. ಕಿಡಕಿ ಸೀಟ್ ಏನ್ ಕೊಡಬ್ಯಾಡ. ಅದಕ್ಕ ಕಣ್ಣಿಲ್ಲ."

ಇಡೀ ಬಸ್ಸು ನಕ್ಕಿತು. ಒಬ್ಬಾಕಿ ಪಾರ್ಲೆ ಬಿಸ್ಕೀಟು ಕೊಟ್ಟಳು, ಒಬ್ಬ ಮುದುಕ ಎದ್ದು ಬುಟ್ಟಿಗೆ ಜಾಗ ಕೊಟ್ಟ. ನನಗೆ ಆ ಮೊದಲು ಬಸ್ಸಿನಲ್ಲಿ ಯಾರೂ ಎದ್ದು ಜಾಗ ಕೊಟ್ಟದ್ದಿಲ್ಲ. ಎರಡು ಬಸ್ಸು, ಒಂದು ಟಂಟಂ ಆಟೋ ಬದಲಿಸಿ ನಮ್ಮ ಊರು ಅತನೂರ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ದಾರಿಯುದ್ದಕ್ಕೂ ಎಲ್ಲಿ ಏನು ಇಡಬೇಕು, ಯಾವ ಕಡೆಯಿಂದ ಕಲಿಸಬೇಕು ಎಂದು ಲೆಕ್ಕ ಹಾಕುತ್ತಾ ಬಂದೆ. ಎಮ್ಮೆಯ ಔಷಧ ಕೇಳುವುದು ಮರೆತೇ ಹೋಗಿತ್ತು.

ಬಾಗಿಲಲ್ಲಿ ನನ್ನ ನೆಗೆಣ್ಣಿ ನಿಂತಿದ್ದಳು. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಗಂಡಂದಿರು ಇಬ್ಬರೂ ಹೋದರು, ನಾವಿಬ್ಬರೂ ಅದೇ ಮನೆಯಲ್ಲಿ ಉಳಿದೆವು. ಅವಳ ಮಗ, ಸೊಸೆ ಹೊಲ ನೋಡಿಕೊಳ್ಳುತ್ತಾರೆ. ಮನೆಯ ಯಜಮಾನಿಕೆ ಅವಳದು. ನಾನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ಏನು ಅನ್ನುತ್ತಾಳೆಂಬುದು ಅವತ್ತಿನ ಸಿಟ್ಟಿನ ಮೇಲೆ.

"ಔಷಧ ತರ್ತೇನಿ ಅಂತ ಹೋದಾಕಿ ಏನ್ ತಂದ್ಯಬೇ?"

"ನಾಯಿ."

"ಊರಾಗ ನಾಯಿ ಇದ್ದಿಲ್ಲೇನು?"

"ಇಂಥಾದ್ದು ಇದ್ದಿಲ್ಲ."

ಬಗ್ಗಿ, ಬುಟ್ಟಿಗೆ ಮುಖ ತಾಗುವಷ್ಟು ಹತ್ತಿರ ಬಂದು ನೋಡಿದಳು. "ಕುರುಡದಲ್ಲ. ಇದು ಮನಿ ಕಾಯೂದು ಹ್ಯಾಂಗ?"

"ನಾ ಅದನ್ನ ಕಾಯ್ತೇನಿ."

ಅಕ್ಕ ದಿನಾ ಬೆಳಿಗ್ಗೆ ಸ್ನಾನ ಮಾಡಿ ಪಡಸಾಲೆಯ ಮೂಡಣ ಮೂಲೆಯಲ್ಲಿ ಲಿಂಗಪೂಜೆಗೆ ಕೂರುತ್ತಾಳೆ. ಪೂಜೆ ಮುಗಿಯುವ ತನಕ ಬಾಯಿಗೆ ನೀರು ಹಾಕುವುದಿಲ್ಲ, ಮಾತೂ ಆಡುವುದಿಲ್ಲ. ಆ ಮೂಲೆಗೆ ಸ್ನಾನ ಮಾಡದೆ ಯಾರೂ ಕಾಲಿಡುವ ಹಾಗಿಲ್ಲ. ಅವತ್ತು ನಿಂತಲ್ಲೇ ಕರಾರು ಹಾಕಿದಳು.

"ದಸರಾ ತನಕ ಇರ್ಲಿ. ಅಷ್ಟರಾಗ ಒಂದು ದಿನ ನನ್ನ ಪೂಜಿ ಮೂಲ್ಯಾಗ ಅದರ ಕಾಲು ಬಿತ್ತಂದ್ರ, ಅವತ್ತೇ ಕಂಪೌಂಡರಗ ಫೋನು. ಅದು ಅವನ ಮನೀಗಿ, ನಾ ನನ್ನ ಪೂಜಿಗಿ."

ಅವಳು ಹೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತವಳ ಮೇಲೆ ನಾಯಿ ಬಂದು ಬೀಳುವುದು ಯಾರಿಗೆ ಬೇಕು. ಒಪ್ಪಿಕೊಂಡೆ. ಮುಂದೆ ಎರಡು ತಿಂಗಳಿತ್ತು.

ಮರುದಿನ ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಸೆರಗಿನಿಂದ ನನ್ನ ಕಣ್ಣು ಕಟ್ಟಿಕೊಂಡೆ. ನಾಯಿಗೆ ದಾರಿ ತೋರಿಸುವವಳಿಗೆ ಮೊದಲು ದಾರಿ ಗೊತ್ತಿರಬೇಕಲ್ಲ. ಐವತ್ತು ವರ್ಷ ಇದ್ದ ಮನೆ. ನಾಲ್ಕು ಹೆಜ್ಜೆ ಇಟ್ಟಿದ್ದೆ, ಒಳಕಲ್ಲಿಗೆ ಮೊಣಕಾಲು ಬಡಿಯಿತು.

"ಕಣ್ಣಿದ್ದಾಕೀನೇ ಬೀಳಾಕತ್ತಾಳ," ಎಂದಳು ಅಕ್ಕ ಅಡುಗೆ ಮನೆಯಿಂದ. "ನಾಯಿಗಿ ಮೇಷ್ಟರು ಬ್ಯಾರೆ."

ನಾನು ಗೋಡೆ ತಡವಿಕೊಂಡು ಮುಂದೆ ನಡೆದೆ. ಕಣ್ಣು ಕಟ್ಟಿಕೊಂಡ ಮೇಲೆ ನಮ್ಮ ಮನೆ ನನಗೇ ಹೊಸದಾಗಿತ್ತು. ಅಂಗಳ ಸಗಣಿ ಸಾರಿಸಿದ ಮಣ್ಣು, ಕಾಲಿಗೆ ಮೆತ್ತಗೆ. ಪಡಸಾಲೆಗೆ ಶಹಾಬಾದ್ ಕಲ್ಲಿನ ಫರಸಿ, ತಣ್ಣಗೆ. ಕಂಬದ ಹತ್ತಿರ ಜೋಳದ ಚೀಲದ ವಾಸನೆ. ಬಚ್ಚಲ ಕಡೆ ಹೋದರೆ ಹಸಿ. ಅಡುಗೆ ಮನೆಯ ಬಾಗಿಲಿಗೆ ಮುಖ ಮಾಡಿದರೆ ಕೆನ್ನೆಗೆ ಒಲೆಯ ಝಳ. ಅಕ್ಕ ರೊಟ್ಟಿ ಬಡಿಯುತ್ತಿದ್ದರೆ ಆ ಸದ್ದು ಹಿಡಿದುಕೊಂಡು ಮನೆಯ ಯಾವ ಮೂಲೆಯಿಂದಾದರೂ ಅಲ್ಲಿಗೆ ಹೋಗಬಹುದು. ನನಗೇ ಇಷ್ಟು ತಿಳಿದರೆ, ಅಂಥ ಮೂಗು, ಅಂಥ ಕಿವಿ ಇರುವ ನಾಯಿಗೆ ಎಷ್ಟು ತಿಳಿಯಬೇಡ. ಖುಷಿಗೆ ಅವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಕಂಬದ ಬುಡಕ್ಕೆ ಒಂದು ಹಳೆಯ ಕೌದಿ ಹಾಕಿದೆ. ಅದು ನಾಯಿಯ ಜಾಗ. ಅಲ್ಲಿಂದಲೇ ಹೊರಡುವುದು, ಅಲ್ಲಿಗೇ ಬರುವುದು. ಕೊರಳಿಗೆ ಹಗ್ಗ ಕಟ್ಟಿ ಗೋಡೆಯ ಗುಂಟ ನಡೆಸಿದೆ. ಕಂಬದಿಂದ ಅಂಗಳ, ಅಂಗಳದಿಂದ ಕೊಟ್ಟಿಗೆ, ಹೊಳ್ಳಿ ಕಂಬ. ಎಮ್ಮೆ ಒದೆಯಬಾರದೆಂದು ಅದರ ಕೊರಳಿಗೆ ಗಂಟೆ ಕಟ್ಟಿದೆ. ಗಂಟೆ ಕೇಳಿದರೆ ನಾಯಿ ದೂರ ನಿಲ್ಲುತ್ತಿತ್ತು. ಮೂರನೆಯ ದಿನ ಬಚ್ಚಲ ಗುಂಡಿಗೆ ಬಿತ್ತು. ತಾನೇ ಎದ್ದು ಬಂದು ಮೈ ಕೊಡವಿ, ಅಕ್ಕ ಒಣಗಲು ಹಾಕಿದ್ದ ಸೀರೆಯ ಮೇಲೆ ಕೆಸರಿನ ಚುಕ್ಕಿ ಇಟ್ಟಿತು. ಅಕ್ಕ ಅರ್ಧ ದಿನ ಬೈದಳು. ನಾಯಿ ಬೈಗುಳದ ಸದ್ದು ಹಿಡಿದು ಅವಳು ಎಲ್ಲಿದ್ದಾಳೆಂದು ಕಲಿಯಿತು. ಅದೂ ಉಪಯೋಗಕ್ಕೆ ಬಂತು.

ಪೂಜೆಯ ಮೂಲೆಗೆ ಏನು ಮಾಡುವುದೆಂದು ಎರಡು ದಿನ ಯೋಚಿಸಿದೆ. ಗೋಡೆ ಕಟ್ಟಲು ಬರುವುದಿಲ್ಲ, ಕಟ್ಟಿ ಹಾಕಿ ಇಡುವುದು ನನಗೆ ಬೇಡ. ಹಿತ್ತಲಲ್ಲಿ ಉರುವಲಿಗೆ ಇಟ್ಟ ತೊಗರಿ ಕಟ್ಟಿಗೆ ಇತ್ತು. ಅದರ ಸಣ್ಣ ಕಡ್ಡಿಗಳನ್ನು ಆರಿಸಿ, ಸುತಳಿಯಿಂದ ಹೆಣೆದು, ಗೇಣಗಲದ ಚಾಪೆಗಳನ್ನು ಮಾಡಿದೆ. ಪೂಜೆಯ ಮೂಲೆಯ ಸುತ್ತ ಒಂದು ಗೆರೆ, ಅಡುಗೆ ಮನೆಯ ಹೊಸ್ತಿಲಿಗೆ ಒಂದು, ಬಚ್ಚಲಿಗೆ ಒಂದು. ಕಡ್ಡಿ ಕಾಲಿಗೆ ಚುಚ್ಚಿದ ಕೂಡಲೇ "ಹಾಂ" ಎಂದು ಗದರಿಸುವುದು, ಹಿಂದೆ ಸರಿದರೆ ರೊಟ್ಟಿಯ ಚೂರು. ಎಂಟು ದಿನ ಬೇಕಾಗಲಿಲ್ಲ. ಆರನೆಯ ದಿನ ಓಡುತ್ತಾ ಬಂದು, ಕಡ್ಡಿಗೆ ಒಂದು ಕಾಲು ತಾಗಿ, ನಿಂತಲ್ಲೇ ನಿಂತು, ಹೊಳ್ಳಿ ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಹೊಲಕ್ಕೆ ಹೊರಟಿದ್ದ ಸೊಸೆಯನ್ನು ನಿಲ್ಲಿಸಿ ಮತ್ತೊಮ್ಮೆ ಮಾಡಿಸಿ ತೋರಿಸಿದೆ.

ಊರಿಗೆ ಸುದ್ದಿ ಹೋಯಿತು. ಸಂಜೆಯಾದರೆ ನಾಲ್ಕು ಮಂದಿ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಪಕ್ಕದ ಮನೆಯ ಕಾಕಾ ಮಾತ್ರ ನಂಬಲಿಲ್ಲ.

"ಇದಕ್ಕ ಕಣ್ಣ ಅವ. ನೀ ನಾಟಕ ಮಾಡಸಾಕತ್ತಿ."

"ಹೌದು, ಕಂಪನಿ ಕಟ್ಟೇನಿ. ನೀನೂ ಬಾ, ಬಫೂನ್ ಪಾತ್ರ ಖಾಲಿ ಅದ."

ಅವನು ಸದ್ದಿಲ್ಲದೆ ಒಂದು ಬಕೆಟ್ ತಂದು ದಾರಿಯ ನಡುವೆ ಇಟ್ಟ. ನಾಯಿ ಬಂದು ಹಾಯಿತು, ನೀರು ಚೆಲ್ಲಿತು. ಅವನ ಮುಖ ಸಣ್ಣದಾಯಿತು. ನಾನು ಬಕೆಟ್ ತೆಗೆಸಿ ಮತ್ತೆ ಬಿಟ್ಟೆ. ಕಂಬದಿಂದ ಕೊಟ್ಟಿಗೆಗೆ ಗೀಟು ಹೊಡೆದ ಹಾಗೆ ಹೋಗಿ ಬಂತು. ಅವತ್ತಿನಿಂದ ಕಾಕಾನೇ ಹೊಸಬರಿಗೆ ಎಲ್ಲ ವಿವರಿಸಿ ಹೇಳುವವನಾದ. ಗೆರೆಯ ಹತ್ತಿರ ನಿಲ್ಲುತ್ತದೋ ಇಲ್ಲವೋ ಎಂದು ಎಲೆ ಅಡಿಕೆ ಪಣ ಕಟ್ಟಿಸಿ ತಾನೇ ಗೆಲ್ಲುತ್ತಿದ್ದ. ಕರಜಗಿಯಿಂದ ಬಂದ ಬೀಗರು ನಮ್ಮ ಆರೋಗ್ಯ ಕೇಳುವ ಮೊದಲು ನಾಯಿ ಎಲ್ಲಿ ಎಂದು ಕೇಳಿದರು.

ಹೆಸರು ಇಡಿ ಎಂದರು. ನಾಯಿ ಎಂದು ಕರೆದರೆ ಬರುತ್ತಿತ್ತು. ಬೇರೆ ಯಾಕೆ.

ಹೀಗೆ ಒಂದು ದಿನವೂ ಅದರ ಕಾಲು ಆ ಮೂಲೆಗೆ ಬೀಳಲಿಲ್ಲ. ದಸರಾಕ್ಕೆ ನಾಲ್ಕು ದಿನ ಉಳಿಯಿತು. ಗೆದ್ದೆನೆಂದು ನನಗೆ ಕಾಲು ನೆಲದ ಮೇಲಿರಲಿಲ್ಲ. ತಪ್ಪು ಮಾಡಿದ್ದು ಆ ಹುರುಪಿನಲ್ಲೇ.

ನಮ್ಮ ಕಡೆ ಮಹಾನವಮಿಯ ಮುಂದೆ ಮನೆ ತೊಳೆಯುವುದೆಂದರೆ ಮನೆಯ ಕರುಳನ್ನೇ ಹೊರಗೆ ತೆಗೆದು ತೊಳೆದ ಹಾಗೆ. ಕೌದಿ, ಚಾದರ, ಅರಿವೆ ಎಲ್ಲ ಹಳ್ಳಕ್ಕೆ. ಅಟ್ಟದ ಮೇಲಿನ ಪಾತ್ರೆ ಸಹ ಇಳಿಸಿ ಬೆಳಗುವುದು. ಕಾಳಿನ ಚೀಲ ಹೊರಗೆ ಹಾಕಿ, ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ. ನಾನು ಆ ವರ್ಷ ಎಲ್ಲರಿಗಿಂತ ಮುಂದೆ. ನಾಯಿಯ ಕೌದಿಯನ್ನೂ ಹಳ್ಳಕ್ಕೆ ಒಯ್ದು ಬಡಿದು ಒಗೆದೆ. ನಾಯಿಗೂ ಸಾಬೂನು ಹಚ್ಚಿ ಮೈ ತೊಳೆದೆ. ತೊಗರಿ ಕಡ್ಡಿಯ ಚಾಪೆಗಳು ಹೊಲಸಾಗಿದ್ದವು, ಹಬ್ಬಕ್ಕೆ ಹೊಸವು ಹೆಣೆದರಾಯಿತೆಂದು ನೀರು ಕಾಯಿಸುವ ಒಲೆಗೆ ಹಾಕಿದೆ. ಜೋಳದ ಚೀಲಗಳನ್ನು ಕಂಬದಿಂದ ತೆಗೆದು ಆಚೆ ಗೋಡೆಗೆ ಒಟ್ಟಿಸಿದೆ, ಚಂದ ಕಂಡಿತು. ಅಕ್ಕನ ಪೂಜೆಗೆ ಹೊಸ ಹಲಗೆ ಹಾಕಿ, ವಿಭೂತಿ ಗಟ್ಟಿ, ನೀರಿನ ಗಿಂಡಿ, ಹೂವಿನ ತಟ್ಟೆ ಅದರ ಮೇಲೆ ಸಾಲಾಗಿ ಇಟ್ಟೆ. ಮನೆ ಹೊಸ ಮದುವಣಗಿತ್ತಿಯ ಹಾಗಾಗಿತ್ತು. ನಾಯಿ ಆ ದಿನ ಕೊಟ್ಟಿಗೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಹೊರಗಿನ ಗೋಡೆಗೆ ಸುಣ್ಣ ಬಳಿಯುತ್ತಾ ನಾಯಿಯನ್ನು ಒಳಗೆ ಬಿಟ್ಟೆ. ಒಳಗೆ ಅಕ್ಕ ಪೂಜೆಗೆ ಕುಳಿತಿದ್ದಳು.

ಹೊಸ್ತಿಲು ದಾಟಿದ ನಾಯಿ ನಿಂತುಬಿಟ್ಟಿತು. ಮೂಗು ಎತ್ತಿತು, ಸುಣ್ಣದ ಘಾಟಿಗೆ ಸೀನಿತು. ಎರಡು ಹೆಜ್ಜೆ ಹೋಗಿ ಕಂಬಕ್ಕೆ ಹಾಯಿತು. ಕೌದಿ ಇರಲಿಲ್ಲ, ಚೀಲದ ವಾಸನೆ ಇರಲಿಲ್ಲ. ನಾನು ಬಾಗಿಲಿನಿಂದ "ಬಾ, ಇಲ್ಲಿ ಬಾ" ಎಂದು ಕರೆದೆ. ಬರಿದಾದ ಪಡಸಾಲೆಯಲ್ಲಿ ನನ್ನ ದನಿ ನಾಲ್ಕು ಗೋಡೆಗೆ ಬಡಿದು ಎಲ್ಲ ಕಡೆಯಿಂದ ಬಂತು. ನಾಯಿ ಗಿರಗಿರನೆ ತಿರುಗಿತು. ಮೈಯೆಲ್ಲ ನಡುಗುತ್ತಿತ್ತು. ತಿರುಗುತ್ತಾ ತಿರುಗುತ್ತಾ ಮೂಡಣ ಮೂಲೆಯ ಕಡೆ ಸರಿಯಿತು. ಅಲ್ಲಿ ಕಡ್ಡಿ ಇರಲಿಲ್ಲ.

ನನ್ನ ಮೊಣಕೈ ತನಕ ಸುಣ್ಣ, ಸ್ನಾನ ಆಗಿರಲಿಲ್ಲ. ಆ ಮೂಲೆಗೆ ನಾನು ಹೋಗುವ ಹಾಗಿಲ್ಲ. ಸಗಣಿ ಬುಟ್ಟಿ ಹಿಡಿದು ಬಂದ ಸೊಸೆಯೂ ಹೋಗುವ ಹಾಗಿಲ್ಲ. ಅಕ್ಕ ಮಾತಾಡುವ ಹಾಗಿಲ್ಲ. ಮೂವರೂ ಹಾಗೇ ಇದ್ದೆವು.

ಆಗ ನಾನು ಅಕ್ಕನ ಕೈ ನೋಡಿದೆ. ಎಡ ಅಂಗೈಯಲ್ಲಿ ಲಿಂಗ. ಬಲಗೈ ವಿಭೂತಿ ಹುಡುಕುತ್ತಿತ್ತು. ದಿನಾ ಇರುತ್ತಿದ್ದ ಹಾಗೆ ಬಲ ಮೊಣಕಾಲ ಪಕ್ಕದಲ್ಲಿ ನೆಲ ತಡವಿದಳು. ಹಿಂದೆ ತಡವಿದಳು. ವಿಭೂತಿ ಗಟ್ಟಿ ಅವಳ ಎದುರಿಗೇ, ಗೇಣು ದೂರದಲ್ಲಿ, ಕಪ್ಪು ಹಲಗೆಯ ಮೇಲೆ ಬೆಳ್ಳಗೆ ಕುಳಿತಿತ್ತು. ಹಾಡು ಹಗಲು. ಕಣ್ಣು ಬಿಟ್ಟುಕೊಂಡೇ ಇದ್ದಳು. ಕೈ ಮುಂದೆ ಚಾಚಿ ಗಿಂಡಿ ಕೆಡವಿದಳು. ಮತ್ತೆ ಪಕ್ಕಕ್ಕೆ ಚಾಚಿದ ಕೈ ನಾಯಿಯ ತಲೆಯ ಮೇಲೆ ಬಿತ್ತು.

ಕೈ ಅಲ್ಲೇ ನಿಂತಿತು. ನಾಯಿ ಅಲ್ಲೇ ಕುಳಿತುಕೊಂಡಿತು.

"ಎದುರಿಗಿ ಅದ ಅಕ್ಕಾ," ಎಂದೆ. "ಹಲಗಿ ಮ್ಯಾಲ."

ಕೈ ಒರೆಸಿಕೊಂಡು, ವಿಭೂತಿ ತೆಗೆದುಕೊಂಡು, ಪೂಜೆ ಮುಗಿಸಿದಳು. ಒಂದಕ್ಷರವನ್ನೂ ಬಿಡಲಿಲ್ಲ. ಲಿಂಗ ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಮೊದಲ ಮಾತು ಸೊಸೆಗೆ. "ಕಂಪೌಂಡರಗ ಫೋನ್ ಹಚ್ಚು."

ಸೊಸೆ ಹಚ್ಚಿದಳು. ನಾನೇ ಎಲ್ಲ ಹೇಳಿದೆ, ಒಗೆದದ್ದು, ಸುಟ್ಟದ್ದು, ಸರಿಸಿದ್ದು.

"ಅದರ ನಕಾಶೆನೇ ತೊಳದ್ರಲ್ರಿ ಅವ್ವಾರ," ಎಂದರು ಕಂಪೌಂಡರ್. "ನಾಯಿ ತಪ್ಪಿಲ್ಲ, ನೀವು ತಪ್ಪೀರಿ. ಇರ್ಲಿ, ನಾಡ್ದು ಬಂದು ಒಯ್ತೇನಿ."

ಫೋನು ಇಟ್ಟ ಮೇಲೆ ನಾನು ಅಕ್ಕನ ಎದುರು ಕುಳಿತೆ. "ವಿಭೂತಿ ಯಾಕ ಕಾಣಲಿಲ್ಲ ನಿನಗ?"

"ನೀ ಎಲ್ಲೋ ಒಯ್ದು ಇಟ್ಟಿ, ಅದಕ್ಕ."

"ನಿನ್ನ ಮೂಗಿನ ಮುಂದ ಇತ್ತು."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮಂಜ ಆಗ್ಯದ. ಹ್ವಾದ ವರ್ಷದಿಂದ."

"ಯಾಕ ಹೇಳಲಿಲ್ಲ?"

"ಹೇಳಿದ್ರ ಒಲಿ ಮುಂದ ಕುಂಡ್ರಾಕ ಬಿಡತಿದ್ರೇನು ನೀವು? ಮೂಲ್ಯಾಗ ಕುಂಡ್ರಿಸಿ ರೊಟ್ಟಿ ತಂದು ಕೊಡತಿದ್ರಿ. ಎಲ್ಲಾ ಇಟ್ಟಲ್ಲೇ ಇರ್ತಿತ್ತು, ಕೈ ಹಾಕಿದಲ್ಲಿ ಸಿಗ್ತಿತ್ತು. ನಡದಿತ್ತು ನಂದು. ನೀನೇ ಎಲ್ಲಾ ಕೆಡಿಸಿದಿ."

"ನಾಯೀನೂ ಅದನ್ನೇ ಹೇಳಾಕತ್ತದ," ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ಎದ್ದು ಒಳಗೆ ಹೋಗಿ, ತೊಳೆಯಲು ಕೊಡದೆ ಟ್ರಂಕಿನಲ್ಲಿ ಮುಚ್ಚಿಟ್ಟಿದ್ದ ತಾನು ಹೊದೆಯುವ ಹಳೆಯ ಹಚ್ಚಡ ತಂದು ಕಂಬದ ಬುಡಕ್ಕೆ ಎಸೆದಳು. "ಎಲ್ಲಾ ಮೊದಲಿನಂಗ ಇಡು. ಇವತ್ತೇ."

ಆ ಎರಡು ದಿನ ನಾನು ಮಾಡಿದಷ್ಟು ಕೆಲಸ ಮದುವೆಯ ಮನೆಯಲ್ಲೂ ಮಾಡಿಲ್ಲ. ಕಾಕಾನ ಹಿತ್ತಲಿನಿಂದ ತೊಗರಿ ಕಟ್ಟಿಗೆ ತಂದು ಚಾಪೆ ಹೆಣೆದೆ. ಅವನೇ ಸುತಳಿ ಹಿಡಿದ. ಚೀಲಗಳು ಕಂಬಕ್ಕೆ ಹೊಳ್ಳಿ ಬಂದವು. ಹೊಸ ಹಲಗೆ ಅಟ್ಟಕ್ಕೆ ಹೋಯಿತು. ಅಕ್ಕ ಕೈ ಚಾಚಿ, "ಗಿಂಡಿ ಇನ್ನ ನಾಕ್ ಬೆಟ್ಟು ಇತ್ತಲಾಗ" ಎಂದು ಒಂದೊಂದನ್ನೂ ಸರಿಮಾಡಿಸಿದಳು. ನಾಯಿ ಎರಡೂ ದಿನ ಹಚ್ಚಡ ಬಿಟ್ಟು ಅಲ್ಲಾಡಲಿಲ್ಲ, ಕೂಳೂ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ರೊಟ್ಟಿ ಬಡಿಯಲು ಕುಳಿತಳು. ಮೂರನೆಯ ರೊಟ್ಟಿಗೆ ನಾಯಿ ಕಿವಿ ಎತ್ತಿತು. ಎದ್ದಿತು. ಗೋಡೆಯ ಗುಂಟ ಬಂದು, ಹೊಸ್ತಿಲ ಮುಂದಿನ ಕಡ್ಡಿಗೆ ಕಾಲು ತಾಗಿ, ನಿಂತಿತು. ಅಕ್ಕ ರೊಟ್ಟಿ ಮುರಿದು ಕಡ್ಡಿಯ ಆಚೆಗೆ ಎಸೆದಳು. ಅವಳು ಅದಕ್ಕೆ ತಿನ್ನಲು ಕೊಟ್ಟದ್ದು ಅದೇ ಮೊದಲು. ತಿಂದಿತು.

ಮಧ್ಯಾಹ್ನ ಕಂಪೌಂಡರ್ ಮೋಟಾರ್ ಸೈಕಲ್ ಮೇಲೆ ಬಂದರು, ಹಿಂದೆ ಖಾಲಿ ಬುಟ್ಟಿ ಕಟ್ಟಿಕೊಂಡು. ಅಕ್ಕನೇ ಬಾಗಿಲಿಗೆ ಹೋದಳು.

"ಚಾ ಕುಡದು ಹೋಗ್ರಿ."

"ನಾಯಿ ಎಲ್ರಿ?"

"ಅದರ ಜಾಗಾದಾಗ ಅದ. ನಿಮಗ ಯಾರು ಕೊಡ್ತೇವಂದ್ರು?"

ಅವರು ನನ್ನ ಮುಖ ನೋಡಿದರು, ನನಗೂ ಆಗಲೇ ಗೊತ್ತಾದದ್ದು. ಅಕ್ಕನ ಕಣ್ಣಿನ ಸಂಗತಿಯನ್ನೂ ಅವರಿಗೆ ಹೇಳಿದೆ. ಅವರು ಆಮೇಲೆ ಅಕ್ಕನನ್ನು ಬಿಸಿಲಿಗೆ ತಿರುಗಿಸಿ, ಎಮ್ಮೆಯ ಕಣ್ಣು ನೋಡುವ ಹಾಗೆ ರೆಪ್ಪೆ ಎತ್ತಿ ನೋಡಿದರು.

"ಪೊರಿ ಬಂದದ್ರಿ ಅವ್ವಾರ. ಇದನ್ನ ತಗಸಾಕ ಬರ್ತದ. ಆ ನಾಯೀದು ಬರಂಗಿಲ್ಲ."

"ನನಗ ದನ ಅಂದ್ಕೊಂಡೀರೇನ್ರಿ?"

"ದನ ಆಗಿದ್ರ ಇಷ್ಟೊತ್ತು ನಿಲ್ತಿದ್ದಿಲ್ರಿ, ಒದೀತಿತ್ತು."

ಅಕ್ಕ ನಕ್ಕಳು. ಆಳಂದದಲ್ಲಿ ಅವಳ ತವರಿದೆ, ಹಬ್ಬ ಮುಗಿದ ಮೇಲೆ ಅಲ್ಲಿಗೆ ಹೋಗಿ ಕಣ್ಣು ತೋರಿಸುವುದೆಂದು ಒಪ್ಪಿದಳು. ಒಲೆಯ ಕೆಲಸ ಬಿಡಿಸುವುದಿಲ್ಲ ಎಂದು ನನ್ನಿಂದ, ಸೊಸೆಯಿಂದ ಮಾತು ತೆಗೆದುಕೊಂಡ ಮೇಲೆ.

ಕಂಪೌಂಡರ್ ಕೂರಲೆಂದು ನಾನು ಹಗ್ಗದ ಹೊರಸನ್ನು ಪಡಸಾಲೆಯ ನಡುವೆ ಎಳೆಯಲು ಹೋದೆ.

"ಏ, ಬಿಡು ಅದನ್ನ," ಎಂದಳು ಅಕ್ಕ ಒಳಗಿನಿಂದ. "ಇನ್ನ ಮ್ಯಾಲೆ ಈ ಮನ್ಯಾಗ ಏನರ ಸರಸಬೇಕಂದ್ರ ಕೇಳಿ ಸರಸು."

"ನಿನ್ನ ಕೇಳಬೇಕೋ, ನಾಯಿನ್ನ ಕೇಳಬೇಕೋ?"

"ನಾಯಿನ್ನ ಮೊದಲ ಕೇಳು. ನಾ ಆಳಂದಕ್ಕ ಹೊಂಟೇನಿ."